ಗೋಡೆಯ ಮೇಲೆ ಇನ್ನೆರಡು ಬೆರಳು

ಹಿಮನದಿಗಳು ಎಲ್ಲಿ ಸಿಗುತ್ತವೆ? ಚಳಿಗಾಲದಲ್ಲಿ ಬಿದ್ದ ಹಿಮವನ್ನು ಬೇಸಿಗೆ ಪೂರ್ತಿ ಕರಗಿಸಲಾಗದ ಕಡೆ. ಜಲಪಾತಗಳು ಎಲ್ಲಿ? ಗಟ್ಟಿ ಕಲ್ಲು ಮುಗಿದು ಮೆತ್ತನೆಯ ಕಲ್ಲು ಶುರುವಾಗುವ ಕಡೆ. ಬಿಸಿನೀರಿನ ಬುಗ್ಗೆಗಳು? ನೆಲದ ಬಿರುಕು ಬಹಳ ಆಳಕ್ಕೆ ಇಳಿದಿರುವ ಕಡೆ. ಗುಹೆಗಳು? ಸುಣ್ಣಕಲ್ಲನ್ನು ನೀರು ಸಾವಿರಾರು ವರ್ಷ ಬಿಡದೆ ನೆಕ್ಕಿದ ಕಡೆ.

ಇಷ್ಟನ್ನು ನಾನು ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. ಪ್ರವಾಸಿಗರಿಗೆ ಹಂಚುವ ಮಡಿಕೆ ಪತ್ರಿಕೆಗೆ ಬೇಕಿತ್ತಂತೆ. ಪ್ರವಾಸ ವಿಭಾಗದ ಮೇಡಂ ಓದಿ ಮುಖ ಸಿಂಡರಿಸಿದರು.

"ಪರೀಕ್ಷೆಗೆ ಉತ್ತರ ಬರೆದ ಹಾಗಿದೆ. ಜನಕ್ಕೆ ಬರ್ಬೇಕು ಅನ್ನಿಸ್ಬೇಕಲ್ವಾ? ಸ್ವಲ್ಪ ಭಾವನೆ ಇರ್ಲಿ."

"ಭಾವನೆ ಬೇಕಾದ್ರೆ ಬೇರೆಯವರ ಹತ್ರ ಬರೆಸ್ಕೊಳ್ಳಿ. ನನ್ನದು ಅಳತೆ ವಿಭಾಗ," ಅಂದೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ನನ್ನ ಲೆಕ್ಕ ತಪ್ಪುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಮೊದಲನೆಯದನ್ನು ಜನ ಸಹಿಸಿಕೊಂಡದ್ದು ಎರಡನೆಯದರ ದೆಸೆಯಿಂದ.

ನಮ್ಮದು ಬೆಟ್ಟದ ಬುಡದಲ್ಲಿರುವ ಮೂರು ಕೋಣೆಯ ಕಚೇರಿ. ಮೇಲೆ ಇರುವುದು ಒಂದೇ ಹಿಮನದಿ. ಕೆಲಸ ಸುಲಭ. ಹಿಮದ ಮೇಲೆ ಸಾಲಾಗಿ ಕಬ್ಬಿಣದ ಗಳ ನೆಟ್ಟಿರುತ್ತೇವೆ. ಪಕ್ಕದ ಇಳಿಜಾರಿನಲ್ಲಿ ಅಲುಗಾಡದ ಒಂದು ಬಂಡೆಗೆ ಕೆಂಪು ಬಣ್ಣ ಹಚ್ಚಿ, ಅದರ ಮೇಲೆ ದುರ್ಬೀನು ಕೂರಿಸಿ, ಒಂದೊಂದು ಗಳವೂ ಎಲ್ಲಿದೆ ಎಂದು ನೋಡಿ ಬರೆದುಕೊಳ್ಳುತ್ತೇವೆ. ಮರುವರ್ಷ ಬೇಸಿಗೆ ಮುಗಿಯುವಾಗ ಅದೇ ಬಂಡೆಯಿಂದ ಮತ್ತೆ ನೋಡುತ್ತೇವೆ. ಗಳಗಳು ಎಷ್ಟು ಕೆಳಗೆ ಸರಿದಿವೆಯೋ ಹಿಮ ಅಷ್ಟು ನಡೆದಿದೆ ಎಂದರ್ಥ. ನಡೆದು ನಡೆದು ಅದು ಕೊನೆಗೆ ಬಂದು ಕರಗುವ ಜಾಗಕ್ಕೆ ಬಾಯಿ ಅನ್ನುತ್ತೇವೆ. ಹೊಳೆ ಹೊರಡುವುದು ಅಲ್ಲಿಂದ.

ಈ ಕೆಲಸಕ್ಕೆ ನಾನು ಸೇರಿದ್ದು ಹೊಟ್ಟೆಪಾಡಿಗಲ್ಲ. ನನ್ನ ಅಣ್ಣ ಆ ಹಿಮದೊಳಗಿದ್ದ.

ಅಣ್ಣ ಪ್ರವಾಸಿಗರನ್ನು ಮೇಲೆ ಕರೆದುಕೊಂಡು ಹೋಗುವ ದಾರಿಗಾರ. ಇಪ್ಪತ್ತೊಂಬತ್ತು ವರ್ಷದ ಹಿಂದೆ, ಅವನಿಗೆ ಇಪ್ಪತ್ತೆರಡು ನಡೆಯುವಾಗ, ಏಳು ಜನರನ್ನು ಹಿಂದೆ ನಿಲ್ಲಿಸಿ ಹಿಮ ಗಟ್ಟಿ ಇದೆಯೇ ನೋಡುತ್ತೇನೆಂದು ಸೊಂಟದ ಹಗ್ಗ ಬಿಚ್ಚಿ ನಾಲ್ಕು ಹೆಜ್ಜೆ ಮುಂದಿಟ್ಟ. ಮೇಲಿನ ಹಿಮ ಕುಸಿಯಿತು, ಕೆಳಗೆ ಬಿರುಕು ಇತ್ತು. ಮೂರು ದಿನ ಹಗ್ಗ ಇಳಿಬಿಟ್ಟರು. ಅಷ್ಟು ಉದ್ದದ ಹಗ್ಗ ಯಾರ ಬಳಿಯೂ ಇರಲಿಲ್ಲ. ನನಗಾಗ ಹದಿನಾರು.

ನಾಲ್ಕನೆಯ ದಿನ ಕಚೇರಿಯ ಹಳೆಯ ಅಳತೆಗಾರ ಮನೆಗೆ ಬಂದರು. ಎಲ್ಲರೂ ಅವರನ್ನು ದುರ್ಬೀನಜ್ಜ ಅನ್ನುತ್ತಿದ್ದರು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಟೋಪಿ ಕೈಯಲ್ಲಿ ತಿರುಗಿಸುತ್ತ ಅಮ್ಮನಿಗೆ ಹೇಳಿದರು.

"ಹಿಮ ಯಾರನ್ನೂ ಇಟ್ಕೊಳ್ಳಲ್ಲಮ್ಮ. ಹೊತ್ಕೊಂಡು ಬರುತ್ತೆ. ಬಿದ್ದ ಜಾಗದಿಂದ ಬಾಯಿಗೆ ಸಾವಿರದ ಇನ್ನೂರ ನಲವತ್ತು ಮೀಟರು. ಇಪ್ಪತ್ತೈದು, ಮೂವತ್ತು ವರ್ಷ. ತಂದು ಬಿಟ್ಟೇ ಬಿಡುತ್ತೆ. ಹೇಗೆ ಹೋದನೋ ಹಾಗೇ."

ಪಾಪ, ಸಮಾಧಾನಕ್ಕೆ ಹೇಳಿದ್ದು. ಅಮ್ಮ ಅದನ್ನು ಕೊಟ್ಟ ಮಾತೆಂದು ತೆಗೆದುಕೊಂಡಳು.

ನಮ್ಮ ಮನೆಯಲ್ಲಿ ಹಿಂದಿನ ಕೋಣೆಯಿಂದ ಮುಂಬಾಗಿಲವರೆಗೆ ಒಂದು ಓಣಿಯಂಥ ಹಾದಿ ಇದೆ. ಹಿಂದಿನ ಕೋಣೆ ಅಣ್ಣನದು. ಅದರ ಬಾಗಿಲ ಚೌಕಟ್ಟಿನಲ್ಲಿ ಅವನು ಚಿಕ್ಕವನಿದ್ದಾಗ ವರ್ಷವರ್ಷ ಎತ್ತರ ಅಳೆದು ಎಳೆದ ಪೆನ್ಸಿಲ್ ಗೆರೆಗಳಿದ್ದವು. ಅಮ್ಮ ಅಲ್ಲಿಂದಲೇ ಗೋಡೆಯ ಮೇಲೆ ಅಡ್ಡಡ್ಡಲಾಗಿ ಗೆರೆ ಹಾಕಲು ಶುರುಮಾಡಿದಳು. ಹಿಮದ ಹತ್ತು ಮೀಟರಿಗೆ ಗೋಡೆಯಲ್ಲಿ ಎರಡು ಬೆರಳು. ಮುಂಬಾಗಿಲೇ ಬಾಯಿ. ಪ್ರತಿ ವರ್ಷ ಅಳತೆ ಮುಗಿದ ದಿನ ದುರ್ಬೀನಜ್ಜ, ಅವರು ಹೋದ ಮೇಲೆ ನಾನು, ಇನ್ನೆಷ್ಟು ದೂರ ಉಳಿದಿದೆ ಎಂದು ಹೇಳಬೇಕು. ಅಮ್ಮ ಬೆರಳಿಟ್ಟು ಅಳೆದು ಗೆರೆ ಎಳೆಯಬೇಕು. ಆ ಗೋಡೆ ಇಪ್ಪತ್ತೊಂಬತ್ತು ವರ್ಷದಿಂದ ಸುಣ್ಣ ಕಂಡಿಲ್ಲ. ಮುಂಬಾಗಿಲಿಗೆ ಚಿಲಕ ಹಾಕಿಲ್ಲ. ಕಳ್ಳರು ಬಂದಾರು ಎಂದು ನಾನು ಎಷ್ಟು ಸಲ ರೇಗಿದರೂ ಅಮ್ಮನದು ಒಂದೇ ಮಾತು: "ಕಳ್ಳ ಬಂದ್ರೆ ಬರ್ಲಿ. ಇವನು ಬಂದಾಗ ಬಾಗಿಲು ತಟ್ಕೊಂಡು ನಿಂತಿರ್ಬಾರ್ದು."

ಅಮ್ಮನಿಗೆ ಭ್ರಮೆ ಇರಲಿಲ್ಲ. ಬರುವುದು ಏನು ಎಂದು ಚೆನ್ನಾಗಿ ಗೊತ್ತಿತ್ತು. ಬಂದವನ ಮುಖ ತೊಳೆದು, ಒಂದು ರಾತ್ರಿ ಅವನ ಕೋಣೆಯಲ್ಲಿ ಮಲಗಿಸಿ, ಬೆಳಗ್ಗೆ ತಾನೇ ಮುಂದೆ ನಿಂತು ಮಣ್ಣಿಗೆ ಇಳಿಸಬೇಕು, ಅಷ್ಟೇ. "ಹುಟ್ಟುವಾಗ್ಲೂ ಎರಡು ವಾರ ತಡ ಮಾಡಿದ್ದ, ಸೋಮಾರಿ," ಎಂದು ನಗುತ್ತಿದ್ದಳು. ಚಳಿಗಾಲವಿಡೀ ಕೈಗವಸು ಹೆಣೆಯುತ್ತಿದ್ದಳು. ಅಣ್ಣನಿಗೆ ಎಡಗೈಯ ಕಿರುಬೆರಳು ಇರಲಿಲ್ಲ. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಹೋಗಿತ್ತು. ಅಂಗಡಿಯ ಕೈಗವಸಿನಲ್ಲಿ ಆ ಬೆರಳು ಖಾಲಿ ಜೋತಾಡುತ್ತದೆಂದು ಅವನಿಗೆ ನಾಲ್ಕು ಬೆರಳಿನದನ್ನೇ ಹೆಣೆದು ಕೊಡುತ್ತಿದ್ದಳು. ಅವನು ಅದನ್ನು ಹಾಕಿಕೊಳ್ಳದೆ ಜೇಬಿಗೆ ತುರುಕಿಕೊಂಡು ಓಡುತ್ತಿದ್ದ, ಇವಳು ಹಿಂದಿನಿಂದ ಕೂಗುತ್ತಿದ್ದಳು.

ಇಪ್ಪತ್ತೆರಡು ವರ್ಷ ಎಲ್ಲ ಸರಿಯಾಗಿ ನಡೆಯಿತು. ಗೆರೆ ಗೋಡೆಯ ಮೇಲೆ ಮುಂದೆ ಮುಂದೆ ಬಂತು. ಇನ್ನು ನೂರೈವತ್ತು ಮೀಟರು ಉಳಿಯಿತು.

ಆ ವರ್ಷ ಗುಡ್ಡ ಕುಸಿದು ನಮ್ಮ ಹಳೆಯ ಕೆಂಪು ಬಂಡೆ ಮುಚ್ಚಿಹೋಯಿತು. ನಾನು ಹೊಸದನ್ನು ಹುಡುಕಿದೆ. ಕಲ್ಲುರಾಶಿಯ ನಡುವೆ ಮನೆಯಷ್ಟು ದೊಡ್ಡದೊಂದು ಬಂಡೆ ಇತ್ತು. ಕಾಲಿನಿಂದ ಒದ್ದು ನೋಡಿದೆ, ಕೈಯಿಂದ ತಟ್ಟಿ ನೋಡಿದೆ. ಅಷ್ಟು ದೊಡ್ಡದು ಎಲ್ಲಿಗೆ ಹೋದೀತು? ಕೆಂಪು ಬಣ್ಣ ಹಚ್ಚಿದೆ.

ದುರ್ಬೀನಜ್ಜ ನನಗೆ ಕಲಿಸಿದ ಮೊದಲ ಪಾಠ, ಯಾವ ಗಳವನ್ನೂ ಒಂದೇ ಕಡೆಯಿಂದ ನೋಡಿ ನಂಬಬೇಡ ಎಂಬುದು. ಹೊಳೆಯಾಚೆ, ಎದುರುಗಡೆಯ ಕಡಿದಾದ ಬಂಡೆಯಿಂದಲೂ ಒಮ್ಮೆ ನೋಡಬೇಕು. ಅದನ್ನು ಎರಡನೇ ನೋಟ ಅನ್ನುತ್ತೇವೆ. ಆದರೆ ಅಲ್ಲಿಗೆ ಹೋಗುವ ಹಗ್ಗದ ಸೇತುವೆಯನ್ನು ಅದೇ ವರ್ಷ ಹೊಳೆ ಕೊಚ್ಚಿಕೊಂಡು ಹೋಗಿತ್ತು. ಕಚೇರಿಯವರು ಆಮೇಲೆ ನೋಡೋಣ ಅಂದರು. ನಾನೂ ವರದಿಯಲ್ಲಿ 'ಎರಡನೇ ನೋಟ: ಸಾಧ್ಯವಾಗಲಿಲ್ಲ' ಎಂದು ಬರೆದೆ. ಏಳು ವರ್ಷ ಅದನ್ನೇ ಬರೆದೆ.

ಹೊಸ ಬಂಡೆಯಿಂದ ನೋಡಿದ ಮೊದಲ ವರ್ಷವೇ ಗಳಗಳು ನಿಂತಲ್ಲೇ ನಿಂತಿದ್ದವು. ಹಿಂದಿನ ವರ್ಷ ಮೂವತ್ತನಾಲ್ಕು ಮೀಟರು ನಡೆದಿದ್ದ ಹಿಮ, ಈ ವರ್ಷ ಸೊನ್ನೆ. ಯಾರಿಗೂ ಅನುಮಾನ ಬರಲಿಲ್ಲ. ಸುತ್ತಲಿನ ಕಣಿವೆಗಳ ಹಿಮನದಿಗಳು ಒಂದೊಂದಾಗಿ ನಿಂತಿದ್ದವು. ಸತ್ತ ಹಿಮ ಎಂದು ಅವುಗಳ ಹೆಸರನ್ನು ಪಟ್ಟಿಯಿಂದ ಹೊಡೆದು ಹಾಕಿದ್ದರು. ನಮ್ಮದರ ಸರದಿಯೂ ಬಂತು ಎಂದುಕೊಂಡೆವು. ಒಳ್ಳೆಯ ಸುದ್ದಿ ಬಂದಿದ್ದರೆ ಮೂರು ಸಲ ಅಳೆಯುತ್ತಿದ್ದೆನೇನೋ. ಕೆಟ್ಟದ್ದಾದ್ದರಿಂದ ಒಂದೇ ಸಲಕ್ಕೆ ನಂಬಿದೆ. ನನ್ನ ವರದಿ ನೋಡಿ, ಬೇಸಿಗೆಯಲ್ಲಿ ಬಾಯಿಯ ಬಳಿ ಕಾವಲಿರುತ್ತಿದ್ದವನನ್ನೂ ಕಚೇರಿಯವರು ತೆಗೆದರು. ನಡೆಯದ ಹಿಮಕ್ಕೆ ಕಾವಲೇಕೆ?

ನಡೆಯದಿದ್ದರೂ ಬಾಯಿ ಕಡೆಯಿಂದ ವರ್ಷಕ್ಕೆ ಎಂಟು ಮೀಟರು ಕರಗುತ್ತಿತ್ತು. ಆ ಲೆಕ್ಕದಲ್ಲಿ ಅಣ್ಣ ಹೊರಗೆ ಕಾಣಲು ಇನ್ನೂ ಹತ್ತೊಂಬತ್ತು ವರ್ಷ. ಅಮ್ಮನಿಗೆ ಆಗ ಎಪ್ಪತ್ತಮೂರು, ಎದೆಯ ಬೇನೆ ಬೇರೆ.

ಮನೆಗೆ ಬಂದೆ. ಅಮ್ಮ ಪೆನ್ಸಿಲ್ ಹಿಡಿದು ನಿಂತಿದ್ದಳು. "ಎಷ್ಟು ಬಂದ?" ಅಂದಳು. ನನ್ನ ಬಾಯಲ್ಲಿ "ಇಪ್ಪತ್ತು" ಎಂದು ಬಂತು. ಅಮ್ಮ ನಾಲ್ಕು ಬೆರಳು ಅಳೆದು ಗೆರೆ ಎಳೆದಳು. ಮರುವರ್ಷವೂ ಇಪ್ಪತ್ತು. ಕಚೇರಿಯ ಪುಸ್ತಕದಲ್ಲಿ ಒಂದಂಕಿ ತಪ್ಪಾದರೆ ನಿದ್ದೆಗೆಡುವ ನಾನು, ಮನೆಯ ಗೋಡೆಯ ಮೇಲೆ ಏಳು ವರ್ಷ ಸುಳ್ಳು ಬರೆಸಿದೆ. ನೂರೈವತ್ತರಲ್ಲಿ ನೂರನಲವತ್ತು ಮುಗಿದು ಈಗ ಹತ್ತು ಮೀಟರು ಉಳಿದಿತ್ತು. ಅಂದರೆ ಎರಡು ಬೆರಳು. ಈ ವರ್ಷ ಗೆರೆ ಬಾಗಿಲು ಮುಟ್ಟಲೇಬೇಕು. ಮುಟ್ಟಿದ ಮೇಲೆ ಏನು ಹೇಳುವುದು ಎಂದು ನನಗೆ ತಲೆ ಕೆಟ್ಟುಹೋಗಿತ್ತು.

ಇಂಥ ಹೊತ್ತಿನಲ್ಲಿ ಆ ಮಡಿಕೆ ಪತ್ರಿಕೆಯ ಕೆಲಸ ಬಂದದ್ದು. ಅದರಲ್ಲೊಂದು ನಕ್ಷೆ ಹಾಕಬೇಕಿತ್ತು. ಜನ ನಿಂತು ಹಿಮ ನೋಡಲು ಒಂದು ಕಟ್ಟೆ ಕಟ್ಟುತ್ತಾರಂತೆ. ಅದಕ್ಕೆ ರಸ್ತೆ ಇಲಾಖೆಯ ಸರ್ವೆಯವರು ಉಪಗ್ರಹದಿಂದ ಜಾಗ ತಿಳಿಯುವ ಯಂತ್ರ ತಂದಿದ್ದರು. ದಪ್ಪ ಹೊಟ್ಟೆಯ, ನಗುಮುಖದ ಮನುಷ್ಯ. ನನ್ನ ಜೊತೆ ಮೇಲೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು.

"ಏಳು ವರ್ಷದ ಹಿಂದೆ ನನಗೂ ಈ ಬಂಡೆಗೆ ಒಂದೂವರೆ ತಾಸು ಹಿಡೀತಿತ್ತು," ಎಂದು ನಾನು ಜಂಬ ಕೊಚ್ಚಿಕೊಂಡೆ. "ಈಗ ಒಂದೂಕಾಲು ತಾಸು ಸಾಕು. ಅಭ್ಯಾಸ ಆಗ್ಬಿಟ್ಟಿದೆ."

ಅವರು ಯಂತ್ರವನ್ನು ಕೆಂಪು ಬಂಡೆಯ ಮೇಲಿಟ್ಟು, ಏಳು ವರ್ಷದ ಹಿಂದೆ ಬರೆದ ನನ್ನ ನಕ್ಷೆಯನ್ನೂ ಯಂತ್ರದ ಅಂಕಿಯನ್ನೂ ನಾಲ್ಕು ಸಲ ನೋಡಿದರು.

"ಮೇಡಂ, ನಕ್ಷೆಯಲ್ಲಿ ನಿಮ್ಮ ಬಂಡೆ ಇಲ್ಲಿಗಿಂತ ಇನ್ನೂರ ಹತ್ತು ಮೀಟರು ಮೇಲಿದೆ."

"ನಿಮ್ಮ ಯಂತ್ರಕ್ಕೆ ಚಳಿ ಹಿಡ್ದಿರ್ಬೇಕು."

"ಇರ್ಬಹುದು," ಎಂದು ಅವರು ನಕ್ಕರು. "ಹತ್ತು ದಿನ ಇಲ್ಲೇ ಬಿಟ್ಟಿರ್ತೀನಿ. ತಪ್ಪಾಗಿದ್ರೆ ಅದೇ ಹೇಳುತ್ತೆ."

ಹತ್ತು ದಿನ ಬಿಟ್ಟು ಅವರು ಕಚೇರಿಗೆ ಬಂದಾಗ ನಗುತ್ತಿರಲಿಲ್ಲ. ಒಂದು ಹಾಳೆ ನನ್ನ ಮೇಜಿನ ಮೇಲಿಟ್ಟರು. ಹತ್ತು ದಿನದಲ್ಲಿ ಬಂಡೆ ಎಂಬತ್ತೆರಡು ಸೆಂಟಿಮೀಟರು ಕೆಳಗೆ ಸರಿದಿತ್ತು.

"ನಿಮ್ಮ ಬಂಡೆ ಕೆಳಗೆ ನೆಲ ಇಲ್ಲ ಮೇಡಂ. ಕಲ್ಲುರಾಶಿ ಕೆಳಗೂ ಹಿಮಾನೇ. ಗಳಗಳ ಜೊತೆಗೇ ಇದೂ ನಡೀತಿದೆ."

ಎರಡು ಬಂಡಿಗಳು ಅಕ್ಕಪಕ್ಕ ಒಂದೇ ವೇಗದಲ್ಲಿ ಹೋಗುವಾಗ ಒಂದರಲ್ಲಿ ಕೂತವನಿಗೆ ಇನ್ನೊಂದು ನಿಂತಂತೆ ಕಾಣುತ್ತದೆ. ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ. ಬಂಡೆಯೇ ನನ್ನ ಕಡೆ ಇಳಿದು ಬರುತ್ತಿದ್ದುದರಿಂದ ದಾರಿ ಕಡಿಮೆಯಾಗಿತ್ತು, ನಾನು ನನ್ನ ಕಾಲಿನ ಬಲವೆಂದು ಬೀಗಿದ್ದೆ.

ಕಾಗದ ಎಳೆದುಕೊಂಡು ಲೆಕ್ಕ ಹಾಕಿದೆ. ವರ್ಷಕ್ಕೆ ಮೂವತ್ತು ಮೀಟರು ನಡಿಗೆ, ಎಂಟು ಕರಗಿದ್ದು. ಒಟ್ಟು ಮೂವತ್ತೆಂಟು. ನೂರೈವತ್ತು ಮೀಟರಿಗೆ ನಾಲ್ಕು ವರ್ಷ. ಮೂರು ವರ್ಷದ ಹಿಂದೆಯೇ ಅಣ್ಣ ಬಾಯಿಗೆ ಬಂದಿದ್ದ. ನಾನು ಹೇಳಿದ ಸುಳ್ಳಿಗಿಂತ ಅವನು ಬೇಗ ನಡೆದಿದ್ದ.

ಮೂರು ವರ್ಷ ಎಂದ ಕೂಡಲೇ ನನಗೊಂದು ಪತ್ರ ನೆನಪಾಯಿತು.

ಕಡತದ ಕಪಾಟಿನಲ್ಲಿ ಅದು ಸುಲಭವಾಗಿ ಸಿಕ್ಕಿತು. ನಾನು ಯಾವುದನ್ನೂ ಎಲ್ಲೆಂದರಲ್ಲಿ ಇಡುವವಳಲ್ಲ. ಹೊಳೆಯ ಕೆಳಗಿನ ಪೊಲೀಸ್ ಠಾಣೆಯಿಂದ ಬಂದದ್ದು. ಮರಳ ದಿಬ್ಬದಲ್ಲಿ ಗಂಡಸೊಬ್ಬನ ಅವಶೇಷ ಸಿಕ್ಕಿದೆ. ಹಿಮನದಿಯಿಂದ ಬಂದಿರಬಹುದೇ, ದಯವಿಟ್ಟು ತಿಳಿಸಿ ಎಂದಿತ್ತು. ಅದಕ್ಕೇ ಪಿನ್ ಮಾಡಿದ ನನ್ನ ಉತ್ತರದ ಪ್ರತಿ: 'ನಮ್ಮ ಹಿಮನದಿಯ ಚಲನೆ ನಾಲ್ಕು ವರ್ಷಗಳ ಹಿಂದೆಯೇ ನಿಂತಿದೆ. ಅದರಲ್ಲಿ ಕಾಣೆಯಾದ ಒಬ್ಬನೇ ವ್ಯಕ್ತಿ ಇನ್ನೂ ನೂರಕ್ಕೂ ಹೆಚ್ಚು ಮೀಟರು ಒಳಗಿದ್ದಾನೆ. ಆದ್ದರಿಂದ ಸದರಿ ಅವಶೇಷ ಇಲ್ಲಿಯದಾಗಿರಲು ಸಾಧ್ಯವಿಲ್ಲ.' ಕೆಳಗೆ ನನ್ನ ಸಹಿ. ಅದನ್ನು ಬರೆದದ್ದು ನನಗೆ ಚೆನ್ನಾಗಿ ನೆನಪಿದೆ. ಚಹಾ ಬರುವ ಮೊದಲು ಮುಗಿಸಿಬಿಡೋಣ ಎಂದು ಹತ್ತು ನಿಮಿಷದಲ್ಲಿ ಬರೆದಿದ್ದೆ.

ಅವರ ಪತ್ರಕ್ಕೆ ಎರಡನೇ ಹಾಳೆಯೊಂದು ಇತ್ತು. ಅಂದು ನಾನು ಅದನ್ನು ತಿರುಗಿಸಿಯೂ ನೋಡಿರಲಿಲ್ಲ. ಸಿಕ್ಕಿದ ವಸ್ತುಗಳ ಪಟ್ಟಿ. ಬೂಟು ಒಂದು, ಬಲಗಾಲಿನದು. ಚರ್ಮದ ಬೆಲ್ಟು. ಕೋಟಿನ ತುಂಡು, ಅದರ ಜೇಬಿನಲ್ಲಿ ಉಣ್ಣೆಯ ಕೈಗವಸು ಒಂದು ಜೊತೆ, ಎಡಗೈಯದಕ್ಕೆ ನಾಲ್ಕೇ ಬೆರಳು.

ಸರ್ವೆಯವರು "ಮೇಡಂ, ನೀರು ಕುಡೀತೀರಾ?" ಎಂದು ಕೇಳಿದ್ದು ಕೇಳಿಸಿತು. ನಾನು ಫೋನು ಎತ್ತಿಕೊಂಡೆ.

ಠಾಣೆಯಲ್ಲಿ ದಾಖಲೆ ನೋಡಿಕೊಳ್ಳುವವನು ಬಹಳ ಮರ್ಯಾದೆಯಿಂದ ಮಾತಾಡಿದ. ವಾರಸುದಾರರು ಯಾರೂ ಬರದಿದ್ದರೆ ಆರು ತಿಂಗಳಿಗೆ ವಿಲೇವಾರಿ ಮಾಡುತ್ತಾರಂತೆ. ಎಲ್ಲ ಅನಾಥರನ್ನೂ ಒಟ್ಟಿಗೆ ಸುಡುವುದಂತೆ, ವಸ್ತುಗಳನ್ನೂ ಸೇರಿಸಿ.

"ಬೂದಿ?" ಅಂದೆ.

"ಹೊಳೆಗೇ ಮೇಡಂ. ಬೇರೆ ಜಾಗ ಇಲ್ಲ." ಆಮೇಲೆ ಹಾಳೆ ಮಗುಚುವ ಸದ್ದು. "ನಾವು ಕಾಯೋಣ ಅಂತಲೇ ಇದ್ವಿ. ಹಿಮನದಿ ಕಚೇರಿಯಿಂದ ಅಲ್ಲ ಅಂತ ಪತ್ರ ಬಂತಲ್ಲ, ಅದಕ್ಕೆ ಮುಗಿಸಿದ್ವಿ. ಇಲ್ಲಿದೆ ನೋಡಿ. ಸಹಿ... ಮೇಡಂ, ನಿಮ್ಮ ಹೆಸರು ಏನಂದ್ರಿ?"

ನಾನು ಫೋನು ಇಟ್ಟೆ.

ಇನ್ನೂ ಒಂದು ಸುಳ್ಳು ಹೇಳಬಹುದಿತ್ತು. ಮನೆಗೆ ನಡೆದು ಬರುವಷ್ಟು ದೂರವೂ ಅದನ್ನೇ ಯೋಚಿಸಿದೆ. ಹಿಮ ನಿಂತುಬಿಟ್ಟಿದೆಯಮ್ಮ, ಇನ್ನು ಬರುವುದಿಲ್ಲ ಅನ್ನಬಹುದು. ಅದು ಕಚೇರಿಯ ಪುಸ್ತಕದಲ್ಲಿ ಏಳು ವರ್ಷದಿಂದ ಇರುವ ಮಾತೇ. ನನ್ನ ಮೇಲೆ ಏನೂ ಬರುವುದಿಲ್ಲ. ಅಮ್ಮ ಕಾಯುತ್ತ ಕಾಯುತ್ತ ಒಂದು ದಿನ ಹೋಗುತ್ತಾಳೆ. ಅವಳ ಪಾಲಿಗೆ ಅಣ್ಣ ಹಿಮದೊಳಗೆ ಇಪ್ಪತ್ತೆರಡರ ಹುಡುಗನಾಗಿ ಭದ್ರವಾಗಿರುತ್ತಾನೆ. ಮನೆ ತಲುಪುವ ಹೊತ್ತಿಗೆ ಹಾಗೆಯೇ ಹೇಳುವುದೆಂದು ಗಟ್ಟಿಮಾಡಿಕೊಂಡಿದ್ದೆ.

ಬಾಗಿಲು ಎಂದಿನಂತೆ ಬರೀ ಮುಂದೆ ಎಳೆದಿತ್ತು. ಅಮ್ಮ ಗೋಡೆಯ ಬಳಿ ಸ್ಟೂಲು ಹಾಕಿಕೊಂಡು ಕೂತಿದ್ದಳು. ತಲೆ ಬಾಚಿಕೊಂಡಿದ್ದಳು. ಅಣ್ಣನ ಕೋಣೆಯ ಬಾಗಿಲು ತೆರೆದಿತ್ತು. ಹಾಸಿಗೆಗೆ ಒಗೆದ ಬಟ್ಟೆ ಹಾಸಿತ್ತು. ಪೆನ್ಸಿಲನ್ನು ಹೊಸದಾಗಿ ಕೆತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಇನ್ನೆರಡೇ ಬೆರಳು," ಅಂದಳು. "ಎಷ್ಟು ಬಂದ ಈ ವರ್ಷ?"

ಆ ಹಾಸಿಗೆಯನ್ನು ನೋಡಬಾರದಿತ್ತು.

"ಬಂದಾಯ್ತಮ್ಮ."

ಅಮ್ಮ ನನ್ನ ಮುಖ ನೋಡಲಿಲ್ಲ. ನನ್ನ ಹಿಂದೆ, ಬಾಗಿಲ ಕಡೆಗೆ ನೋಡಿದಳು. ಎಂಬತ್ತರ ಮುದುಕಿ ಗೋಡೆ ಹಿಡಿಯದೆ ಎದ್ದು ನಿಂತದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

"ಎಲ್ಲಿ?"

"ಬಂದು ಮೂರು ವರ್ಷ ಆಯ್ತು. ಬಂಡೆ ತಪ್ಪು ಆರಿಸ್ಬಿಟ್ಟಿದ್ದೆ. ಹಿಮ ನಿಂತಿದೆ ಅಂದ್ಕೊಂಡಿದ್ದೆ. ನಿನಗೆ ಹೇಳಿದ ಇಪ್ಪತ್ತು, ಇಪ್ಪತ್ತು ಅನ್ನೋದೆಲ್ಲ ನಾನು ಮಾಡಿ ಹೇಳಿದ್ದು."

"ಯಾರಿದ್ರು ಅಲ್ಲಿ? ಅವನು ಬಂದಾಗ?"

"ಯಾರೂ ಇರ್ಲಿಲ್ಲಮ್ಮ. ಹೊಳೇಲಿ ಹೋದ. ಪೊಲೀಸರಿಗೆ ಸಿಕ್ಕಿದ. ಅವರು ನನಗೇ ಬರೆದು ಕೇಳಿದ್ರು, ನಿಮ್ಮವನಾ ಅಂತ. ಅಲ್ಲ ಅಂತ ನಾನೇ ಬರೆದುಕೊಟ್ಟೆ. ಸುಟ್ಬಿಟ್ರು. ಏನೂ ಉಳಿದಿಲ್ಲ."

ಅವಳು ಬೈಯಲಿ ಎಂದು ಕಾದೆ. ಬಾಯಿಗೆ ಬಂದಂತೆ ಬೈದಿದ್ದರೆ, ಕೈಯಲ್ಲಿದ್ದ ಪೆನ್ಸಿಲನ್ನು ನನ್ನ ಮುಖಕ್ಕೆ ಎಸೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅಮ್ಮ ಗೋಡೆಯ ಮೇಲೆ ಕೈಯಾಡಿಸುತ್ತ ಹಿಂದಕ್ಕೆ ಮೂರು ಗೆರೆ ಎಣಿಸಿದಳು. ಮೂರನೆಯದರ ಮೇಲೆ ಬೆರಳು ನಿಲ್ಲಿಸಿದಳು.

"ಇದನ್ನ ಎಳೆಯೋವಾಗ," ಅಂದಳು, "ಅವನು ಅಲ್ಲಿ ಮಲಗಿದ್ನಾ?"

"ಹೂಂ."

"ಕೈಗವಸು ಹಾಕಿದ್ನಾ?"

"ಜೇಬಲ್ಲಿತ್ತಂತೆ."

"ಹೇಳಿದ ಮಾತು ಯಾವತ್ತು ಕೇಳಿದಾನೆ," ಎಂದಳು. ಹೋಗಿ ಅವಳನ್ನು ಹಿಡಿದುಕೊಳ್ಳಬೇಕು ಅನ್ನಿಸಿತು. ಯಾವ ಮುಖ ಹೊತ್ತು ಹೋಗಲಿ?

ಅಮ್ಮ ಅಣ್ಣನ ಕೋಣೆಗೆ ಹೋದಳು. ಹಾಸಿಗೆಯ ಬಟ್ಟೆ ತೆಗೆದು, ಮೂಲೆಗೆ ಮೂಲೆ ಕೂಡಿಸಿ ನಾಲ್ಕು ಮಡಿಕೆ ಮಾಡಿ, ಕಪಾಟಿನಲ್ಲಿಟ್ಟು ಬಂದಳು. ಬಂದು ಸ್ಟೂಲಿನ ಮೇಲೆ ಕೂತಳು.

"ಬಾಗಿಲಿಗೆ ಚಿಲಕ ಹಾಕು. ಚಳಿ ಬರ್ತಿದೆ."

ಹೋಗಿ ಚಿಲಕ ಹಿಡಿದೆ. ಇಪ್ಪತ್ತೊಂಬತ್ತು ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ತುಕ್ಕು ಹಿಡಿದು ಕೂತಿತ್ತು, ಅಲುಗಾಡಲಿಲ್ಲ. ಒಂದು ಕೈಯಿಂದ ಆಗದೆ ಎರಡೂ ಕೈ ಹಾಕಿ ಒತ್ತಿದೆ. ಅಂಗೈ ಸುಲಿಯಿತು.

"ಬರ್ತಿಲ್ಲಮ್ಮ."

"ಹಾಕು," ಅಂದಳು ಅಮ್ಮ ಹಿಂದಿನಿಂದ. "ಇನ್ನು ಯಾರು ಬರೋರಿದಾರೆ."